ವರ್ತಕ ಮನೆತನದ ಬೇರು: ಐರ್ಲೆಂಡಿನ ಕಡತಗಳು ಹೇಳುವುದೇನು?

ವ್ಯಾಪಾರದಲ್ಲಿ ಮೂರು ತಲೆಮಾರು ನೆಲೆನಿಂತ ಮನೆತನಕ್ಕೆ ಬಂಡವಾಳದ ಚಿಂತೆ ಕಡಿಮೆಯಾದೊಡನೆ ವಂಶದ ಚಿಂತೆ ಆರಂಭವಾಗುತ್ತದೆ. ನಮ್ಮ ಮೂಲಪುರುಷ ಯಾರು, ಯಾವ ಊರಿನಿಂದ ಬಂದವನು, ಏನು ಮಾಡಿಕೊಂಡಿದ್ದವನು ಎಂಬ ಪ್ರಶ್ನೆಗಳು ಏಳುತ್ತವೆ. ಪ್ರಶ್ನೆಗಳೇನೋ ಯೋಗ್ಯವಾದವುಗಳೇ. ಆದರೆ ಉತ್ತರ ಹುಡುಕುವ ಕ್ರಮ ಬಹುಮಟ್ಟಿಗೆ ದಾರಿ ತಪ್ಪುತ್ತದೆ. ತಕ್ಕಡಿ ಹಿಡಿದ ಅಜ್ಜನಿಗಿಂತ ಕತ್ತಿ ಹಿಡಿದ ಮುತ್ತಜ್ಜ ಹೆಚ್ಚು ಗೌರವಾರ್ಹನೆಂಬ ಭಾವನೆಯಿಂದ, ಇದ್ದ ಅಜ್ಜನನ್ನು ಬಿಟ್ಟು ಇಲ್ಲದ ಮುತ್ತಜ್ಜನನ್ನು ಅರಸುವುದು ವಾಡಿಕೆಯಾಗಿದೆ. ಈ ದೌರ್ಬಲ್ಯ ಯಾವುದೇ ಒಂದು ದೇಶದ ಅಥವಾ ಒಂದು ಜಾತಿಯ ಸ್ವತ್ತಲ್ಲ. ವರ್ತಕ ಮನೆತನದ ನಿಜವಾದ ಚರಿತ್ರೆ ವ್ಯವಹಾರಕ್ಕಾಗಿ ಬರೆದ ಕಾಗದಪತ್ರಗಳಲ್ಲಿಯೇ ಉಳಿದಿರುತ್ತದೆ, ಹೊಗಳಿಕೆಗಾಗಿ ಬರೆಸಿದ ವಂಶಾವಳಿಗಳಲ್ಲಿ ಅಲ್ಲ ಎಂಬುದು ಈ ಲೇಖಕನ ಅಭಿಪ್ರಾಯ. ಅದಕ್ಕೆ ಐರ್ಲೆಂಡಿನ ಪ್ರಾಟೆಸ್ಟಂಟ್ ವರ್ತಕ ಮನೆತನಗಳಿಗಿಂತ ಉತ್ತಮ ನಿದರ್ಶನ ಬೇರೆ ದೊರಕಲಾರದು.

ಈ ಮನೆತನಗಳು ಒಂದೇ ಮೂಲದವಲ್ಲ. 16 ಮತ್ತು 17ನೆಯ ಶತಮಾನಗಳಲ್ಲಿ ಇಂಗ್ಲೆಂಡ್ ಹಾಗೂ ಸ್ಕಾಟ್ಲೆಂಡಿನಿಂದ ಬಂದು ನೆಲೆಸಿದವರು ಕೆಲವರು. 1685ರಲ್ಲಿ ಫ್ರಾನ್ಸಿನ ದೊರೆ ನಾಂಟ್ ಶಾಸನವನ್ನು ರದ್ದುಪಡಿಸಿ ಪ್ರಾಟೆಸ್ಟಂಟರಿಗಿದ್ದ ರಕ್ಷಣೆಯನ್ನು ಕಿತ್ತುಕೊಂಡಾಗ ಓಡಿಬಂದ ಹ್ಯೂಗೆನಾಟರು ಮತ್ತೆ ಕೆಲವರು. ಕ್ವೇಕರರೆಂದು ಹೆಸರಾದ ಸ್ನೇಹಿತರ ಸಂಘದವರು 1654ರಲ್ಲಿ ಅಲ್ಲಿ ಮೊದಲ ಬಾರಿಗೆ ಸಭೆ ಸೇರಿದರು. ಹುಟ್ಟಿನಿಂದ ಐರಿಷ್ ಕುಲದವರಾಗಿ ಮತ ಬದಲಿಸಿದವರೂ ಇದ್ದರು. ಬಹುಸಂಖ್ಯಾತರು ಕ್ಯಾಥೊಲಿಕರಾಗಿದ್ದ ನಾಡಿನಲ್ಲಿ ಇವರೆಲ್ಲ ಅಲ್ಪಸಂಖ್ಯಾತರು. ಆದರೂ ನಗರಸಭೆ, ವೃತ್ತಿಸಂಘ, ಬ್ಯಾಂಕು, ಬಂದರುಗಳಲ್ಲಿ ಇವರ ಕೈ ಮೇಲಾಗಿತ್ತು. 1690ರ ಬಾಯ್ನ್ ಕದನದಲ್ಲಿ ಸೈನಿಕನಾಗಿದ್ದ ಹ್ಯೂಗೆನಾಟ್ ಲಾ ಟೂಷ್ ಡಬ್ಲಿನ್ನಿನಲ್ಲಿ ನೇಯ್ಗೆಯ ಉದ್ಯಮ ಆರಂಭಿಸಿ, ಅದರ ಮಗ್ಗುಲಲ್ಲೇ ಲೇವಾದೇವಿಗೆ ತೊಡಗಿದನು. 1783ರಲ್ಲಿ ಬ್ಯಾಂಕ್ ಆಫ್ ಐರ್ಲೆಂಡ್ ಸ್ಥಾಪನೆಯಾದಾಗ ಅದರ ಪ್ರಥಮ ಗವರ್ನರ್ ಆದವನು ಅದೇ ಮನೆತನದ ಡೇವಿಡ್ ಲಾ ಟೂಷ್.

ಇವರಲ್ಲಿ ಜಗತ್ಪ್ರಸಿದ್ಧವಾದ ಹೆಸರು ಗಿನ್ನೆಸ್. ಬಿಯರ್ ತಯಾರಿಕೆಯ ಬಗ್ಗೆ ಓದುಗರಲ್ಲಿ ಭಿನ್ನಾಭಿಪ್ರಾಯ ಇರಬಹುದು. ಇಲ್ಲಿ ನಮಗೆ ಬೇಕಾದುದು ಆ ಮನೆತನದ ಪಾನೀಯವಲ್ಲ, ಕಾಗದ. ಸಂಸ್ಥಾಪಕ ಆರ್ಥರ್ ಗಿನ್ನೆಸ್‌ನ ತಂದೆ ರಿಚರ್ಡ್, ಕಿಲ್ಡೇರ್ ಕೌಂಟಿಯ ಸೆಲ್‌ಬ್ರಿಜ್‌ನಲ್ಲಿ ಪಾದ್ರಿ ಆರ್ಥರ್ ಪ್ರೈಸ್‌ನ ಜಮೀನು ನೋಡಿಕೊಳ್ಳುವ ಕಾರಭಾರಿಯಾಗಿದ್ದನು. ಈ ಪ್ರೈಸ್ ಮುಂದೆ ಕ್ಯಾಶೆಲ್‌ನ ಆರ್ಚ್‌ಬಿಷಪ್ ಆಗಿ, 1752ರಲ್ಲಿ ಸಾಯುವಾಗ ತಂದೆಗೂ ಮಗನಿಗೂ ತಲಾ 100 ಪೌಂಡ್‌ಗಳನ್ನು ಉಯಿಲಿನಲ್ಲಿ ಬರೆದಿಟ್ಟನು. ಆ ದಶಕದ ಮಧ್ಯಭಾಗದಲ್ಲಿ ಆರ್ಥರ್ ಲೀಕ್ಸ್‌ಲಿಪ್ ಊರಿನಲ್ಲಿ ಸಣ್ಣ ಬಟ್ಟಿಯೊಂದನ್ನು ನಡೆಸಿ, 1759ರ ಡಿಸೆಂಬರ್ 31ರಂದು ಡಬ್ಲಿನ್ನಿನ ಸೇಂಟ್ ಜೇಮ್ಸಸ್ ಗೇಟ್‌ನಲ್ಲಿ ಹಳೆಯ ಕಾರ್ಖಾನೆಯೊಂದನ್ನು ಗುತ್ತಿಗೆಗೆ ಪಡೆದನು. ವಾರ್ಷಿಕ ಬಾಡಿಗೆ 45 ಪೌಂಡ್. ಅವಧಿ 9,000 ವರ್ಷ. ಗುತ್ತಿಗೆ ಕೊಟ್ಟವನು ಮಾರ್ಕ್ ರೇನ್ಸ್‌ಫರ್ಡ್. 1767ರ ಹೊತ್ತಿಗೆ ಆರ್ಥರ್ ಡಬ್ಲಿನ್ನಿನ ಬಿಯರ್ ತಯಾರಕರ ವೃತ್ತಿಸಂಘದ ಮುಖ್ಯಸ್ಥನಾದನು. 1775ರಲ್ಲಿ ನೀರಿನ ಹಕ್ಕಿನ ವಿಷಯವಾಗಿ ನಗರಸಭೆಯೊಂದಿಗೆ ಜಗಳವಾಡಿ, ಕಾಲುವೆ ಮುಚ್ಚಲು ಬಂದ ಆಳುಗಳ ಕೈಯಿಂದ ಗುದ್ದಲಿ ಕಿತ್ತುಕೊಂಡನೆಂಬುದೂ ಪ್ರಸಿದ್ಧವಾದ ಸಂಗತಿಯೇ.

ಇಷ್ಟು ಸಂಗತಿಗಳು ನಮಗೆ ತಿಳಿದಿರುವುದು ಎಲ್ಲಿಂದ? ಒಂದು ಉಯಿಲು, ಒಂದು ಗುತ್ತಿಗೆ ಪತ್ರ, ವೃತ್ತಿಸಂಘದ ಪದಾಧಿಕಾರಿಗಳ ಪಟ್ಟಿ, ನಗರಸಭೆಯೊಂದಿಗಿನ ವ್ಯಾಜ್ಯ. ಯಾವುದನ್ನೂ ಮೊಮ್ಮಕ್ಕಳು ಓದಲೆಂದು ಬರೆದದ್ದಲ್ಲ. ಆದ್ದರಿಂದಲೇ ಅವು ನಂಬಲರ್ಹ.

ಇನ್ನು ಇದೇ ಮನೆತನ ತನ್ನ ಬಗ್ಗೆ ತಾನೇ ಹೇಳಿಕೊಂಡದ್ದನ್ನು ನೋಡೋಣ. 1761ರಲ್ಲಿ ಒಲಿವಿಯಾ ವಿಟ್‌ಮೋರ್‌ಳನ್ನು ಮದುವೆಯಾದಾಗ ಆರ್ಥರ್ ಬೆಳ್ಳಿಯ ಬಟ್ಟಲೊಂದರ ಮೇಲೆ ಕುಲಲಾಂಛನವನ್ನು ಕೆತ್ತಿಸಿದನು. ಆ ಲಾಂಛನ ಡೌನ್ ಕೌಂಟಿಯ ಐವೀ ಪ್ರದೇಶದ ಒಡೆಯರಾಗಿದ್ದ ಮ್ಯಾಗೆನಿಸ್ ಕುಲದ್ದು. ಮ್ಯಾಗೆನಿಸರು ಕ್ಯಾಥೊಲಿಕರು, ಪ್ರಾಟೆಸ್ಟಂಟ್ ದೊರೆ ವಿಲಿಯಂನ ವಿರುದ್ಧ ಪಕ್ಷದಲ್ಲಿ ನಿಂತು, 1691ರ ಸೋಲಿನ ನಂತರ ನೆಲೆ ಕಳೆದುಕೊಂಡವರು. ಪ್ರಾಟೆಸ್ಟಂಟ್ ವರ್ತಕನೊಬ್ಬನು ಸೋತುಹೋದ ಕ್ಯಾಥೊಲಿಕ್ ಸರದಾರರ ರಕ್ತಸಂಬಂಧವನ್ನು ಹೇಳಿಕೊಂಡನೆಂದರೆ ಕುಲೀನತೆಯ ಹಂಬಲ ಮತಭೇದವನ್ನೂ ಮೀರಿದ್ದೆಂದು ಅರ್ಥ. 1891ರಲ್ಲಿ ಅವನ ವಂಶಜ ಎಡ್ವರ್ಡ್ ಸೆಸಿಲ್ ಗಿನ್ನೆಸ್‌ಗೆ ಬ್ರಿಟಿಷ್ ಸರ್ಕಾರ ಪದವಿ ನೀಡಿದಾಗ ಆತ ಆಯ್ದುಕೊಂಡ ಬಿರುದು ‘ಬ್ಯಾರನ್ ಐವೀ’. ಹೀಗೆ ಬಟ್ಟಲಿನ ಮೇಲಿನ ಗೀರು 130 ವರ್ಷಗಳಲ್ಲಿ ರಾಜಮನ್ನಣೆಯ ಮುದ್ರೆಯಾಯಿತು.

ವಸ್ತುಸ್ಥಿತಿ ಬೇರೆಯೇ ಇತ್ತು. ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿ ನಡೆದ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಈ ಮನೆತನದ ಗಂಡುಸಂತತಿಯ ಮೂಲವನ್ನು ಮ್ಯಾಗೆನಿಸರ ಕಡೆಗಲ್ಲ, ಅದೇ ಕೌಂಟಿಯ ಮೆಕಾರ್ಟನ್ ಎಂಬ ನೆರೆಯ ಕುಲದ ಕಡೆಗೆ ತೋರಿಸಿತು. ಕುಟುಂಬದವರೇ ಆದ ಪ್ಯಾಟ್ರಿಕ್ ಗಿನ್ನೆಸ್ ಅವರು 2008ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ಇದನ್ನು ಮರೆಮಾಚದೆ ದಾಖಲಿಸಿದ್ದಾರೆ. ಆ ಸೀಮೆಯಲ್ಲಿ ಗಿನ್ನೆಸ್ ಎಂಬ ಹೆಸರಿನ ಗ್ರಾಮಪ್ರದೇಶವೇ ಒಂದಿದೆ. ಮನೆತನದ ಹೆಸರು ಬಂದದ್ದು ಆ ನೆಲದಿಂದ ಎಂಬುದು ಅವರ ಅಭಿಪ್ರಾಯ. ಒಡೆಯರ ವಂಶ ಹೋಗಿ ಊರಿನ ಹೆಸರು ಬಂದಿತೆಂದರೆ ಮನೆತನಕ್ಕೆ ನಷ್ಟವಾಯಿತೆಂದು ಈ ಲೇಖಕನಿಗೆ ಅನಿಸುವುದಿಲ್ಲ.

ಸಂಸ್ಥಾಪಕನ ಜನ್ಮದಿನದ ಕಥೆಯೂ ಇಂಥದ್ದೇ. ಕಿಲ್ಡೇರ್ ಕೌಂಟಿಯ ಊಟರಾರ್ಡ್‌ನಲ್ಲಿ, ತಾಯಿಯ ಕಡೆಯವರ ನಡುವೆ ಇರುವ ಆತನ ಸಮಾಧಿಯ ಕಲ್ಲು, 1803ರ ಜನವರಿಯಲ್ಲಿ 78ನೆಯ ವಯಸ್ಸಿನಲ್ಲಿ ತೀರಿಕೊಂಡನೆಂದು ಹೇಳುತ್ತದೆ. ಹಾಗಾದರೆ ಜನನ 1724ರಲ್ಲಿ, ಬಹಳವೆಂದರೆ 1725ರ ಜನವರಿಯಲ್ಲಿ ಆಗಿರಬೇಕು. ಆದರೆ 1991ರಲ್ಲಿ ಗಿನ್ನೆಸ್ ಪಕ್ಷದವರು ಚರ್ಚೆಗೆ ತೆರೆ ಎಳೆಯಲು 1725ರ ಸೆಪ್ಟೆಂಬರ್ 28 ಎಂದು ಘೋಷಿಸಿಬಿಟ್ಟರು. ಕಲ್ಲಿನ ಲೆಕ್ಕಕ್ಕೂ ಘೋಷಣೆಯ ಲೆಕ್ಕಕ್ಕೂ ಹೊಂದಾಣಿಕೆ ಇಲ್ಲ. ನಮ್ಮ ಲೆಕ್ಕಪರಿಶೋಧಕರ ಮುಂದೆ ಇಂಥ ವ್ಯತ್ಯಾಸವನ್ನಿಟ್ಟರೆ ಅವರು ಸಹಿ ಹಾಕುತ್ತಿರಲಿಲ್ಲ.

ಜನ್ಮದಿನವೇ ತಿಳಿಯದಂತಾದುದೇಕೆ ಎಂಬ ಪ್ರಶ್ನೆ ಐರ್ಲೆಂಡಿನ ವಂಶಶೋಧಕರೆಲ್ಲರನ್ನೂ ಕಾಡುವಂಥದು. ಅಲ್ಲಿ ಜನನ, ಮರಣ ಮತ್ತು ಎಲ್ಲ ಮತದವರ ವಿವಾಹಗಳ ಸರ್ಕಾರಿ ನೋಂದಣಿ ಆರಂಭವಾದುದು 1864ರಲ್ಲಿ. ಕ್ಯಾಥೊಲಿಕೇತರ ವಿವಾಹಗಳದು ಮಾತ್ರ ಸ್ವಲ್ಪ ಮೊದಲು, 1845ರಲ್ಲಿ. ಅದಕ್ಕೆ ಹಿಂದಿನದಕ್ಕೆ ಚರ್ಚಿನ ಪುಸ್ತಕಗಳೇ ಗತಿ. 1922ರ ಜೂನ್ 30ರಂದು, ಅಂತರ್ಯುದ್ಧದ ಆರಂಭದಲ್ಲಿ, ಡಬ್ಲಿನ್ನಿನ ಫೋರ್ ಕೋರ್ಟ್ಸ್ ಆವರಣದಲ್ಲಿದ್ದ ಸಾರ್ವಜನಿಕ ದಾಖಲೆಗಳ ಕಚೇರಿ ಸ್ಫೋಟ ಮತ್ತು ಬೆಂಕಿಗೆ ಆಹುತಿಯಾಯಿತು. ಸುಮಾರು ಏಳು ಶತಮಾನಗಳ ಕಾಗದ ಒಂದು ಮಧ್ಯಾಹ್ನದಲ್ಲಿ ಬೂದಿಯಾಗಿ ನಗರದ ಮೇಲೆ ಉದುರಿತು. 1821ರಿಂದ 1851ರವರೆಗಿನ ನಾಲ್ಕು ಜನಗಣತಿಗಳ ಬಹುಭಾಗ, 1900ಕ್ಕೆ ಮುಂಚಿನ ಉಯಿಲುಗಳ ಬಹುಭಾಗ, ಸರ್ಕಾರಿ ಮತವಾಗಿದ್ದ ಪ್ರಾಟೆಸ್ಟಂಟ್ ಚರ್ಚಿನ ಸುಮಾರು ಸಾವಿರ ಪ್ಯಾರಿಷ್‌ಗಳ ಪುಸ್ತಕಗಳು ನಾಶವಾದವು.

ಇದರಲ್ಲಿ ವರ್ತಕರು ಗಮನಿಸಬೇಕಾದ ಒಂದು ವಿಪರ್ಯಾಸವಿದೆ. 1869ರ ಕಾಯಿದೆಯಿಂದ ಆ ಚರ್ಚು ಸರ್ಕಾರಿ ಮತವಾಗಿ ಉಳಿಯದೆ ಹೋದಾಗ ಅದರ ಹಳೆಯ ನೋಂದಣಿ ಪುಸ್ತಕಗಳನ್ನು ಸಾರ್ವಜನಿಕ ದಾಖಲೆಗಳೆಂದು ಪರಿಗಣಿಸಿ ಡಬ್ಲಿನ್ನಿಗೆ ತರಿಸಲಾಯಿತು. ಸ್ಥಳೀಯವಾಗಿ ಭದ್ರವಾದ ಪೆಟ್ಟಿಗೆ ಅಥವಾ ಕೊಠಡಿ ಇದ್ದವರಿಗೆ ಮಾತ್ರ ವಿನಾಯಿತಿ ಇತ್ತು. ಸುರಕ್ಷತೆಗಾಗಿ ಕಳುಹಿಸಿದ್ದೆಲ್ಲ ಸುಟ್ಟುಹೋಯಿತು. ಊರಿನ ಪೆಟ್ಟಿಗೆಯಲ್ಲಿ ಉಳಿದದ್ದು ಉಳಿಯಿತು. ಕಳುಹಿಸುವ ಮೊದಲು ನಕಲು ಮಾಡಿಟ್ಟುಕೊಂಡ ಕೆಲವು ಪಾದ್ರಿಗಳ ಊರುಗಳೂ ಬಚಾವಾದವು. ಒಂದೇ ಕಡೆ, ಒಂದೇ ಪ್ರತಿ ಎಂಬುದು ಎಷ್ಟೇ ಗಟ್ಟಿ ಗೋಡೆಯೊಳಗಿದ್ದರೂ ಅಪಾಯವೇ. ಬೆಂಕಿಯನ್ನೇ ಎಲ್ಲದಕ್ಕೂ ದೂಷಿಸುವಂತೆಯೂ ಇಲ್ಲ: 1861 ಮತ್ತು 1871ರ ಜನಗಣತಿಯ ನಮೂನೆಗಳನ್ನು ಸರ್ಕಾರವೇ ಲೆಕ್ಕ ಮುಗಿದ ಮೇಲೆ ನಾಶಪಡಿಸಿತ್ತು, 1881 ಮತ್ತು 1891ರವು ಮೊದಲ ಮಹಾಯುದ್ಧದ ಕಾಲದಲ್ಲಿ ಕಾಗದದ ತಿರುಳಾದವು. ಅಂದರೆ ರದ್ದಿಗೆ ಹೋದವು.

ಉಳಿದುದರ ಚರಿತ್ರೆ ಇನ್ನೂ ಸ್ವಾರಸ್ಯಕರ. ಸರ್ ವಿಲಿಯಂ ಬೆಥಮ್ ಎಂಬ ವಂಶಾವಳಿ ಅಧಿಕಾರಿ 19ನೆಯ ಶತಮಾನದ ಆರಂಭದಲ್ಲಿ, 1800ಕ್ಕಿಂತ ಹಿಂದಿನ ಪ್ರಧಾನ ಉಯಿಲುಗಳಿಂದ ಬಂಧುತ್ವದ ವಿವರಗಳನ್ನು ಮಾತ್ರ ಟಿಪ್ಪಣಿ ಮಾಡಿಕೊಂಡಿದ್ದನು. ಮೂಲ ಸುಟ್ಟ ಮೇಲೆ ಆ ಟಿಪ್ಪಣಿಗಳೇ ಮೂಲವಾದವು. 2022ರಲ್ಲಿ, ದುರಂತದ ಶತಮಾನದ ವರ್ಷ, ಟ್ರಿನಿಟಿ ಕಾಲೇಜಿನ ನೇತೃತ್ವದಲ್ಲಿ ಅಂತರ್ಜಾಲದಲ್ಲಿ ಆರಂಭವಾದ ಐರ್ಲೆಂಡಿನ ಡಿಜಿಟಲ್ ದಾಖಲೆ ಭಂಡಾರವು, ಬೇರೆ ಬೇರೆ ದೇಶಗಳ ಗ್ರಂಥಾಲಯಗಳಲ್ಲಿ ಚದುರಿಹೋಗಿದ್ದ ಇಂಥ ನಕಲುಗಳನ್ನೇ ಒಂದೆಡೆ ಕೂಡಿಸಿ ಸುಟ್ಟ ಕಚೇರಿಯನ್ನು ಮರಳಿ ಕಟ್ಟುವ ಪ್ರಯತ್ನವಾಗಿದೆ.

ಆದರೆ ವರ್ತಕರ ಪಾಲಿಗೆ ಅತ್ಯಂತ ಬೆಲೆಯುಳ್ಳ ಕಡತ ಆ ಆವರಣದಲ್ಲಿ ಇರಲೇ ಇಲ್ಲ. ಅದು 1708ರಲ್ಲಿ ಸ್ಥಾಪಿತವಾದ, ಹೆನ್ರಿಯೆಟಾ ಬೀದಿಯಲ್ಲಿ ನೆಲೆಗೊಂಡ ದಸ್ತಾವೇಜು ನೋಂದಣಿ ಕಚೇರಿ. ನಮ್ಮ ಉಪನೋಂದಣಾಧಿಕಾರಿಗಳ ಕಚೇರಿಯನ್ನು ಬಲ್ಲವರಿಗೆ ಅದರ ರೀತಿ ಸುಲಭವಾಗಿ ಅರ್ಥವಾಗುತ್ತದೆ. ಕ್ರಯ, ಗುತ್ತಿಗೆ, ಅಡಮಾನ, ವಿವಾಹ ಕರಾರು ಮುಂತಾದ ಪತ್ರಗಳ ಸಾರಾಂಶವನ್ನು ಅಲ್ಲಿ ಸಲ್ಲಿಸಿದರೆ ದಪ್ಪ ಪುಸ್ತಕಗಳಲ್ಲಿ ನಕಲು ಮಾಡಿಡುತ್ತಿದ್ದರು. ನೋಂದಣಿ ಕಡ್ಡಾಯವಿರಲಿಲ್ಲ, ಆದರೆ ನೋಂದಾಯಿತ ಪತ್ರಕ್ಕೆ ನೋಂದಾಯಿಸದ ಪತ್ರಕ್ಕಿಂತ ಮೇಲಿನ ಹಕ್ಕು ದೊರೆಯುತ್ತಿದ್ದುದರಿಂದ ಸಾಲ ಕೊಡುವವರೂ ಸಾಲ ಪಡೆಯುವವರೂ ಅದರ ಮೆಟ್ಟಿಲು ಹತ್ತುತ್ತಿದ್ದರು. ಕೊಟ್ಟವನ ಹೆಸರಿನ ಸೂಚಿ ಒಂದು, ಸ್ಥಳದ ಸೂಚಿ ಒಂದು ಇದೆ. ಪಡೆದವನ ಹೆಸರಿನ ಸೂಚಿ ಇಲ್ಲ. ಆದ್ದರಿಂದ ಅಂಗಡಿ ಬಾಡಿಗೆಗೆ ಹಿಡಿದ ಅಜ್ಜನನ್ನು ಹುಡುಕಬೇಕಾದರೆ ಮೊದಲು ಅಂಗಡಿಯ ಬೀದಿಯನ್ನು ತಿಳಿಯಬೇಕು, ಇಲ್ಲವೇ ಮಾಲೀಕನ ಹೆಸರನ್ನು.

ಅಲ್ಲಿನ ಗುತ್ತಿಗೆಗಳಲ್ಲಿ ನಮ್ಮವರಿಗೆ ವಿಚಿತ್ರವೆನಿಸುವ ಒಂದು ಬಗೆ ಇತ್ತು: ಮೂರು ಜೀವಗಳ ಗುತ್ತಿಗೆ. ವರ್ಷಗಳ ಲೆಕ್ಕವಿಲ್ಲ, ಪತ್ರದಲ್ಲಿ ಹೆಸರಿಸಿದ ಮೂವರಲ್ಲಿ ಕೊನೆಯವನು ಸಾಯುವವರೆಗೆ ಗುತ್ತಿಗೆ ಜೀವಂತ. ಬುದ್ಧಿವಂತ ಗುತ್ತಿಗೆದಾರನು ಯಾರ ಹೆಸರನ್ನು ಬರೆಸುತ್ತಾನೆ? ತನ್ನ ಎಳೆಯ ಮಕ್ಕಳದ್ದು, ಸೋದರಳಿಯಂದಿರದ್ದು. ಎಷ್ಟೋ ಪತ್ರಗಳಲ್ಲಿ ಮಗುವಿನ ವಯಸ್ಸನ್ನೂ ನಮೂದಿಸುತ್ತಿದ್ದರು. ಹೀಗಾಗಿ ಚರ್ಚಿನ ಪುಸ್ತಕ ಬೆಂಕಿಗೆ ಹೋದರೂ, ಮಗುವಿನ ಹೆಸರು ಬಾಡಿಗೆಯ ಚೌಕಾಶಿಯ ನಡುವೆ ಉಳಿದುಕೊಂಡಿತು. ತಂದೆಯ ಲಾಭಬುದ್ಧಿ ವಂಶಶೋಧಕನಿಗೆ ಇಷ್ಟು ಉಪಕಾರ ಮಾಡಿದ ನಿದರ್ಶನ ಬೇರೆಲ್ಲೂ ಕಂಡಿಲ್ಲ.

ವೃತ್ತಿಸಂಘಗಳ ಮತ್ತು ನಗರದ ಸ್ವತಂತ್ರ ಪೌರರ ಪಟ್ಟಿಗಳೂ ಇದೇ ರೀತಿ ನೆರವಾಗುತ್ತವೆ. ಡಬ್ಲಿನ್ನಿನಲ್ಲಿ ಅಂಗಡಿ ತೆರೆಯುವ ಹಕ್ಕು ತಂದೆಯಿಂದ ಬರಬಹುದಾಗಿತ್ತು, ಅಥವಾ ಶಿಷ್ಯವೃತ್ತಿಯಿಂದ, ಅಥವಾ ಪೌರನ ಮಗಳನ್ನು ಮದುವೆಯಾಗುವುದರಿಂದ. ಯಾವ ದಾರಿಯಿಂದ ಬಂದನೆಂಬುದನ್ನು ಪಟ್ಟಿಯಲ್ಲಿ ಬರೆಯುತ್ತಿದ್ದುದರಿಂದ ಒಂದೇ ಸಾಲಿನಲ್ಲಿ ತಂದೆ, ಗುರು ಅಥವಾ ಮಾವನ ಸುಳಿವು ಸಿಗುತ್ತದೆ. 1751ರಲ್ಲಿ ಆರಂಭವಾದ ವಿಲ್ಸನ್ ಡೈರೆಕ್ಟರಿ ಡಬ್ಲಿನ್ನಿನ ವರ್ತಕರ ಹೆಸರು, ಕಸುಬು, ಬೀದಿಗಳನ್ನು ವರ್ಷವರ್ಷವೂ ಮುದ್ರಿಸಿತು. 1844ರಿಂದ ಥಾಮ್ಸ್ ಡೈರೆಕ್ಟರಿ ಆ ಕೆಲಸವನ್ನು ಮುಂದುವರಿಸಿತು. ಒಂದು ಹೆಸರನ್ನು ಇಪ್ಪತ್ತು ವರ್ಷ ಹಿಂಬಾಲಿಸಿದರೆ ಮನೆತನದ ಏಳುಬೀಳು ಕಣ್ಣಿಗೆ ಕಟ್ಟುತ್ತದೆ: ಸಣ್ಣ ಬೀದಿಯಿಂದ ದೊಡ್ಡ ಬೀದಿಗೆ, ಹೆಸರಿನ ಮುಂದೆ ‘ಅಂಡ್ ಸನ್ಸ್’, ಒಂದು ವರ್ಷ ಗಂಡನ ಹೆಸರು ಮಾಯವಾಗಿ ಅದೇ ವಿಳಾಸದಲ್ಲಿ ವಿಧವೆಯ ಹೆಸರು. ಗಂಡ ಸತ್ತ ಮೇಲೆ ಅಂಗಡಿಯನ್ನು ನಡೆಸಿ ಮಗನ ಕೈಗೆ ಒಪ್ಪಿಸಿದ ಹೆಂಗಸರು ವಂಶವೃಕ್ಷಗಳಲ್ಲಿ ಹೆಸರಿಲ್ಲದೆ ಹೋಗುತ್ತಾರೆ; ಡೈರೆಕ್ಟರಿ ಅವರನ್ನು ಮರೆತಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಕಹಿಯಾದ ಮಾತೊಂದನ್ನೂ ಹೇಳಬೇಕು. ಪ್ರಾಟೆಸ್ಟಂಟ್ ವರ್ತಕನ ಕಾಗದ ಇಷ್ಟು ಸಮೃದ್ಧವಾಗಿ ಉಳಿದದ್ದು ಅವನ ಅಚ್ಚುಕಟ್ಟುತನದಿಂದ ಮಾತ್ರವಲ್ಲ. 1704ರ ಕಾಯಿದೆಯಂತೆ ಕ್ಯಾಥೊಲಿಕನು ಭೂಮಿ ಖರೀದಿಸುವಂತಿರಲಿಲ್ಲ. 31 ವರ್ಷಕ್ಕಿಂತ ಹೆಚ್ಚಿನ ಗುತ್ತಿಗೆ ಪಡೆಯುವಂತಿರಲಿಲ್ಲ. ಅವನ ಆಸ್ತಿ ಎಲ್ಲ ಗಂಡುಮಕ್ಕಳಲ್ಲಿ ಹಂಚಿಹೋಗಿ ಚೂರಾಗಬೇಕಾಗಿತ್ತು, ಹಿರಿಯ ಮಗ ಮತ ಬದಲಿಸಿದರೆ ಮಾತ್ರ ಒಟ್ಟಾಗಿ ಉಳಿಯಬಹುದಿತ್ತು. ನೋಂದಣಿ ಕಚೇರಿ ಹುಟ್ಟಿದ್ದೇ ಈ ಕಾಯಿದೆಗಳನ್ನು ತಪ್ಪಿಸಿಕೊಂಡು ನಡೆಯುವ ಗುಪ್ತ ವ್ಯವಹಾರಗಳನ್ನು ತಡೆಯಲು. 1778 ಮತ್ತು 1782ರ ತಿದ್ದುಪಡಿಗಳವರೆಗೆ ಈ ನಿರ್ಬಂಧಗಳು ಜಾರಿಯಲ್ಲಿದ್ದವು. ಈ ಬೆಳಕಿನಲ್ಲಿ ಗಿನ್ನೆಸ್‌ನ ಗುತ್ತಿಗೆ ಪತ್ರವನ್ನು ಮತ್ತೆ ಓದಬೇಕು. 1759ರಲ್ಲಿ 9,000 ವರ್ಷದ ಗುತ್ತಿಗೆ ಎಂಬುದು ಪ್ರವಾಸಿಗರಿಗೆ ತಮಾಷೆಯ ಸಂಗತಿ. ಆದರೆ ಅದೇ ಬೀದಿಯ ಕ್ಯಾಥೊಲಿಕ್ ವರ್ತಕನಿಗೆ, ಅವನಲ್ಲಿ ಎಷ್ಟೇ ಹಣವಿದ್ದರೂ, ಅಂಥ ಪತ್ರಕ್ಕೆ ಸಹಿ ಹಾಕುವುದು ಸಾಧ್ಯವಿರಲಿಲ್ಲ. ಆರ್ಥರ್ ಗಿನ್ನೆಸ್ ಯಾವ ಮತಕ್ಕೆ ಸೇರಿದವನೆಂಬುದಕ್ಕೆ ಬೇರೆ ಯಾವ ಸಾಕ್ಷಿ ಸಿಗದಿದ್ದರೂ ಆ ಒಂದು ಸಂಖ್ಯೆ ಸಾಕಾಗಿತ್ತು.

ವ್ಯಾಪಾರಕ್ಕೆ ಮಾತ್ರ ನಿಷೇಧವಿಲ್ಲದ ಕಾರಣ ಅನೇಕ ಕ್ಯಾಥೊಲಿಕರು ವರ್ತಕರಾಗಿಯೇ ಬೆಳೆದರು. ಡಬ್ಲಿನ್ನಿನ ವೃತ್ತಿಸಂಘಗಳಲ್ಲಿ ಅವರಿಗೆ ಪೂರ್ಣ ಸದಸ್ಯತ್ವವಿರಲಿಲ್ಲ. ಮೂರು ತಿಂಗಳಿಗೊಮ್ಮೆ ಶುಲ್ಕ ತೆತ್ತು ಕಸುಬು ನಡೆಸುವ ಅರೆಸದಸ್ಯರಾಗಿದ್ದರು. ಅವರ ಜಾಡು ಈಗ ಕ್ಷೀಣ. ತನ್ನ ಮನೆತನದ ಕಾಗದಗಳನ್ನು ಅಭಿಮಾನದಿಂದ ತೆರೆಯುವ ವಂಶಜನು, ನೆರೆಯವನ ಕಾಗದ ಏಕಿಲ್ಲವೆಂದು ಒಂದು ಕ್ಷಣ ಯೋಚಿಸಿದರೆ ಒಳಿತು.

ಕ್ವೇಕರರ ವಿಷಯ ಪ್ರತ್ಯೇಕವಾಗಿ ಹೇಳಬೇಕಾದುದು. ಅವರು ಪ್ರಾಟೆಸ್ಟಂಟರಾದರೂ ಸರ್ಕಾರಿ ಚರ್ಚಿನವರಲ್ಲ. ಪ್ರಮಾಣ ಮಾಡಲೊಲ್ಲದವರು, ಚರ್ಚಿನ ತೆರಿಗೆ ಕೊಡಲೊಲ್ಲದವರು. ಅವರ ಜನನ, ಮರಣ, ವಿವಾಹದ ದಾಖಲೆಗಳು ಅವರದೇ ಸಭೆಗಳ ವಶದಲ್ಲಿದ್ದುದರಿಂದ 1922ರ ಬೆಂಕಿ ಅವನ್ನು ಮುಟ್ಟಲಿಲ್ಲ. ಮದುವೆಗೆ ಬಂದವರೆಲ್ಲ ಪ್ರಮಾಣಪತ್ರಕ್ಕೆ ಸಹಿ ಹಾಕುತ್ತಿದ್ದುದರಿಂದ ಒಂದು ಹಾಳೆಯಲ್ಲಿ ಇಡೀ ಬಂಧುಬಳಗವೇ ಸಿಗುತ್ತದೆ. ಊರು ಬದಲಿಸಿದರೆ ಹಿಂದಿನ ಊರಿನ ಸಭೆಯಿಂದ ಯೋಗ್ಯತಾಪತ್ರ ತರಬೇಕಿತ್ತು. ದಿನಾಂಕ ಓದುವಾಗ ಮಾತ್ರ ಎಚ್ಚರ ಬೇಕು: ತಿಂಗಳಿಗೆ ದೇವತೆಗಳ ಹೆಸರು ಸಲ್ಲದೆಂದು ಅವರು ಸಂಖ್ಯೆಯನ್ನೇ ಬರೆಯುತ್ತಿದ್ದರು, ಮತ್ತು 1752ಕ್ಕಿಂತ ಮುಂಚೆ ಅವರ ಒಂದನೆಯ ತಿಂಗಳೆಂದರೆ ಮಾರ್ಚ್.

ವ್ಯವಹಾರದ ಶಿಸ್ತಿಗೂ ಆ ಸಭೆಗಳಿಗೂ ನಿಕಟ ಸಂಬಂಧವಿತ್ತು. ಸಾಲ ತೀರಿಸಲಾಗದೆ ದಿವಾಳಿಯಾದ ಸದಸ್ಯನನ್ನು ಸಭೆ ವಿಚಾರಿಸುತ್ತಿತ್ತು. ಅಜಾಗರೂಕತೆ ಕಂಡರೆ ಹೊರಹಾಕುತ್ತಿತ್ತು. ಆ ವಿಚಾರಣೆಯ ನಡಾವಳಿಗಳೆಲ್ಲ ಈಗ ವಂಶಚರಿತ್ರೆಯ ಆಕರಗಳು. ಮುತ್ತಜ್ಜನ ಬಗ್ಗೆ ಸಿಗುವ ಅತಿ ದೀರ್ಘ ದಾಖಲೆ ಅವನ ದಿವಾಳಿಯ ವಿಚಾರಣೆಯೇ ಆಗಿದ್ದರೆ ವಂಶಜರಿಗೆ ಮುಜುಗರವಾಗಬಹುದು. ಆದರೂ ಅದು ಬೆಳ್ಳಿಯ ಬಟ್ಟಲಿಗಿಂತ ಹೆಚ್ಚು ಸತ್ಯ.

ಈ ಮನೆತನಗಳ ಕಡತಗಳಲ್ಲಿ ಭಾರತದ ಹೆಸರೂ ಇಣುಕುತ್ತದೆ. ಕ್ವೇಕರರಾದ ಗುಡ್‌ಬಾಡಿ ಕುಟುಂಬದವರು 1860ರ ದಶಕದಲ್ಲಿ ಐರ್ಲೆಂಡಿನ ಮಧ್ಯಭಾಗದ ಕ್ಲಾರಾ ಊರಿನಲ್ಲಿ ಸೆಣಬಿನ ಕಾರ್ಖಾನೆ ತೆರೆದರು; ಆ ಉದ್ಯಮಕ್ಕೆ ಬೇಕಾದ ಸೆಣಬು ಬೆಳೆಯುತ್ತಿದ್ದುದು ಬಂಗಾಳದಲ್ಲಿ. ಈಸ್ಟ್ ಇಂಡಿಯಾ ಕಂಪನಿಯ ಚಹಾ ಏಕಸ್ವಾಮ್ಯ 1833ರ ಕಾಯಿದೆಯಿಂದ ಕೊನೆಗೊಂಡೊಡನೆ, ಸ್ಯಾಮ್ಯುಯೆಲ್ ಬ್ಯೂಲಿ ಮತ್ತವನ ಮಗ ಚಾರ್ಲ್ಸ್ 1835ರಲ್ಲಿ ಕ್ಯಾಂಟನ್‌ನಿಂದ ನೇರವಾಗಿ ಡಬ್ಲಿನ್ನಿಗೆ 2,099 ಪೆಟ್ಟಿಗೆ ಚಹಾ ತರಿಸಿದರು. ಪೆಟ್ಟಿಗೆಗಳ ಸಂಖ್ಯೆ ಕೊನೆಯ ಅಂಕಿಯವರೆಗೂ ನಮಗೆ ತಿಳಿದಿರುವುದನ್ನು ಗಮನಿಸಿರಿ. ಅದೇ ವರ್ತಕ ಶಿಸ್ತು ಮಹಾಕ್ಷಾಮದ ಕಾಲದಲ್ಲಿ ಬೇರೊಂದು ಕೆಲಸಕ್ಕೆ ಬಂದಿತು. 1846ರ ನವೆಂಬರ್‌ನಲ್ಲಿ ಡಬ್ಲಿನ್ನಿನ ಕ್ವೇಕರರು ಪರಿಹಾರ ಸಮಿತಿಯನ್ನು ರಚಿಸಿದಾಗ ಕಾರ್ಯದರ್ಶಿಗಳಾದವರು ಜೋಸೆಫ್ ಬ್ಯೂಲಿ ಮತ್ತು ಜೊನಾಥನ್ ಪಿಮ್ ಎಂಬ ವರ್ತಕರು. ಮತಭೇದ ನೋಡದೆ ಹಂಚಿದ ಅನ್ನದ, ಬೀಜದ, ಹಣದ ಲೆಕ್ಕವನ್ನು ಅವರ ಸಮಿತಿ 1852ರಲ್ಲಿ ಗ್ರಂಥರೂಪದಲ್ಲಿ ಅಚ್ಚು ಹಾಕಿಸಿತು. ಯಾವ ಕುಲಲಾಂಛನವೂ ಆ ಮನೆತನಗಳಿಗೆ ಇಷ್ಟು ಗೌರವ ತರಲಾರದು.

ಉದ್ದಿಮೆಯ ಕಡತಗಳು ಮಾಲೀಕನ ವಂಶವನ್ನಷ್ಟೇ ಕಾಯುವುದಿಲ್ಲ ಎಂಬುದನ್ನೂ ನಾವು ಮರೆಯಬಾರದು. ಡಬ್ಲಿನ್ನಿನ ಗಿನ್ನೆಸ್ ದಾಖಲೆ ಭಂಡಾರದಲ್ಲಿ ಅಲ್ಲಿ ದುಡಿದವರ ಸಿಬ್ಬಂದಿ ಕಡತಗಳಿವೆ. ಪೀಪಾಯಿ ಕಟ್ಟುತ್ತಿದ್ದವನ, ಗಾಡಿ ಹೊಡೆಯುತ್ತಿದ್ದವನ ಮೊಮ್ಮಕ್ಕಳು ತಮ್ಮ ಅಜ್ಜನ ವಯಸ್ಸು, ವಿಳಾಸ, ಕೆಲಸಕ್ಕೆ ಸೇರಿದ ದಿನಾಂಕ ತಿಳಿಯಲು ಆ ಭಂಡಾರವನ್ನು ಸಂಪರ್ಕಿಸುತ್ತಾರೆ. ಮಾಲೀಕರಿಗೆ ಲಾಂಛನ ಬರೆದುಕೊಡಲು ಅಧಿಕಾರಿಗಳಿದ್ದರು. ಕೂಲಿಯವನಿಗೆ ಸಂಬಳದ ಪುಸ್ತಕ ಬಿಟ್ಟರೆ ಚರಿತ್ರೆಕಾರನಿರಲಿಲ್ಲ. ಆ ಸಂಸ್ಥೆ 1886ರಲ್ಲಿ ಸಾರ್ವಜನಿಕ ಕಂಪನಿಯಾಗಿ, 1997ರಲ್ಲಿ ಮತ್ತೊಂದರೊಡನೆ ವಿಲೀನವಾಗಿ ಡಿಯಾಜಿಯೊ ಆಯಿತು; ಆ ಡಿಯಾಜಿಯೊ 2014ರಲ್ಲಿ ನಮ್ಮ ಬೆಂಗಳೂರಿನ ಯುನೈಟೆಡ್ ಸ್ಪಿರಿಟ್ಸ್‌ನ ಬಹುಪಾಲು ಷೇರುಗಳನ್ನು ಪಡೆಯಿತು. ಒಡೆತನ ಇಷ್ಟು ಬಾರಿ ರೂಪ ಬದಲಿಸಿದರೂ ಹಳೆಯ ಕಡತ ಕೈತಪ್ಪದೆ ಉಳಿದಿದೆ.

ನಮ್ಮ ಪೇಟೆಗಳಲ್ಲಿ ಆಗುವುದೇನೆಂಬುದು ಸದಸ್ಯ ಬಂಧುಗಳಿಗೆ ತಿಳಿಯದ ವಿಷಯವಲ್ಲ. ಸಹೋದರರು ಪಾಲಾದಾಗ, ಮಂಡಿ ಮುಚ್ಚಿದಾಗ, ಹಳೆಯ ಕಟ್ಟಡ ಕೆಡವುವಾಗ ಮೊದಲು ಹೊರಬೀಳುವುದು ಅಟ್ಟದ ಮೇಲಿನ ಕಿರ್ದಿ, ಖಾತೆ ಪುಸ್ತಕಗಳು. ಅವು ತೂಕದ ಲೆಕ್ಕದಲ್ಲಿ ರದ್ದಿ ಅಂಗಡಿ ಸೇರುತ್ತವೆ. ಕಾನೂನು ಬೇಡುವುದು ಅಲ್ಪಾವಧಿಯ ರಕ್ಷಣೆಯನ್ನು ಮಾತ್ರ: ಸರಕು ಮತ್ತು ಸೇವಾ ತೆರಿಗೆಯ ಕಾಯಿದೆಯಂತೆ ವಾರ್ಷಿಕ ವಿವರಣೆಯ ಗಡುವಿನಿಂದ 72 ತಿಂಗಳು, 2013ರ ಕಂಪನಿ ಕಾಯಿದೆಯಂತೆ ಎಂಟು ಆರ್ಥಿಕ ವರ್ಷ. ಆ ಅವಧಿ ಮುಗಿದ ದಿನವೇ ಪುಸ್ತಕದ ಬೆಲೆ ಮುಗಿಯಿತೆಂದು ಭಾವಿಸುವುದು ಸರಿಯಲ್ಲ. ಗಣಕಯಂತ್ರ ಬಂದ ಮೇಲಂತೂ ಪರಿಸ್ಥಿತಿ ಇನ್ನೂ ನಾಜೂಕಾಗಿದೆ. ಇಪ್ಪತ್ತು ವರ್ಷದ ಹಿಂದಿನ ಫ್ಲಾಪಿಯನ್ನು ಓದುವ ಯಂತ್ರವೇ ಇಂದು ನಮ್ಮಲ್ಲಿಲ್ಲ. 1759ರ ಚರ್ಮಪತ್ರಕ್ಕೆ ಕಣ್ಣೊಂದಿದ್ದರೆ ಸಾಕು.

ಹಳೆಯ ಪುಸ್ತಕ ತೆರೆದರೆ ಗ್ರಾಹಕರ ಸಾಲ, ಪಾಲುದಾರರ ಮನಸ್ತಾಪ, ಅಧಿಕಾರಿಗಳಿಗೆ ಇಷ್ಟವಾಗದ ಸಂಗತಿಗಳು ಹೊರಬರುತ್ತವೆ ಎಂಬ ಆಕ್ಷೇಪಣೆ ಬರುವುದು ಖಂಡಿತ. ಅದು ನ್ಯಾಯವಾದ ಆಕ್ಷೇಪಣೆ. ಆದರೆ ಕಾಪಾಡುವುದು ಬೇರೆ, ಪ್ರಕಟಿಸುವುದು ಬೇರೆ. ಐವತ್ತು ವರ್ಷ ಮುಚ್ಚಿಡತಕ್ಕದ್ದು ಎಂಬ ಷರತ್ತಿನೊಡನೆ ಕಡತವನ್ನು ಒಪ್ಪಿಸಬಹುದು. ಐರ್ಲೆಂಡಿನಲ್ಲಿ 1705ರಷ್ಟು ಹಿಂದೆಯೇ ಡಬ್ಲಿನ್ನಿನ ವರ್ತಕರು ಔಜೆಲ್ ಗ್ಯಾಲಿ ಎಂಬ ಸಂಘ ಕಟ್ಟಿಕೊಂಡು ತಮ್ಮ ತಮ್ಮ ನಡುವಿನ ವ್ಯಾಜ್ಯಗಳನ್ನು ನ್ಯಾಯಾಲಯಕ್ಕೆ ಹೋಗದೆ ಪಂಚಾಯ್ತಿಯಿಂದ ತೀರಿಸಿಕೊಳ್ಳುತ್ತಿದ್ದರು. ಸಮುದ್ರದಲ್ಲಿ ಕಾಣೆಯಾಗಿ, ವಿಮೆಯ ಹಣವೂ ಪಾವತಿಯಾದ ಮೇಲೆ, ಕೆಲವು ವರ್ಷಗಳ ನಂತರ ಸರಕು ತುಂಬಿಕೊಂಡು ಮರಳಿದ ಹಡಗೊಂದರ ಹೆಸರು ಅದಕ್ಕೆ ಬಂದಿತೆಂದು ಪ್ರತೀತಿ. 1783ರಲ್ಲಿ ಸ್ಥಾಪನೆಯಾದ ಡಬ್ಲಿನ್ ವಾಣಿಜ್ಯ ಮಂಡಳಿಯಲ್ಲಿ ಆ ಸಂಘ 1888ರಲ್ಲಿ ಲೀನವಾಯಿತು. ಪರಸ್ಪರರ ಗುಟ್ಟನ್ನು ಒಬ್ಬರಿಗೊಬ್ಬರು ನಂಬಿ ಒಪ್ಪಿಸುವುದು ವರ್ತಕ ಸಂಸ್ಥೆಗಳಿಗೆ ಹೊಸದೇನಲ್ಲ.

ಆದ್ದರಿಂದ ನಮ್ಮ ಮಂಡಳಿಯ ಕಾರ್ಯಕಾರಿ ಸಮಿತಿಯ ಮುಂದೆ ಈ ಸಲಹೆಯನ್ನಿಡುತ್ತೇನೆ. ವ್ಯವಹಾರ ಮುಚ್ಚುವ ಅಥವಾ ಪಾಲಾಗುವ ಸದಸ್ಯರು ತಮ್ಮ ಹಳೆಯ ಕಿರ್ದಿ, ಖಾತೆ, ಪಾಲುದಾರಿಕೆ ಪತ್ರ, ಗುತ್ತಿಗೆ ಕರಾರು, ಸಂಬಳದ ಪುಸ್ತಕಗಳನ್ನು ಷರತ್ತಿನೊಡನೆ ಒಪ್ಪಿಸಲು ಮಂಡಳಿಯ ಕಟ್ಟಡದಲ್ಲಿ ಒಂದು ಒಣ ಕೊಠಡಿಯನ್ನು ಮೀಸಲಿಡಬೇಕು. ಮುಖ್ಯವಾದ ಪುಟಗಳ ಛಾಯಾಪ್ರತಿಯನ್ನು ಮತ್ತೊಂದು ಊರಿನ ಸೋದರ ಮಂಡಳಿಯಲ್ಲಿರಿಸಬೇಕು. ಮೂಲವನ್ನು ಕೊಡಲು ಮನಸ್ಸಿಲ್ಲದವರು ಮನೆಯಲ್ಲೇ ಇಟ್ಟುಕೊಂಡು ಪ್ರತಿಯನ್ನು ಮಾತ್ರ ಕೊಟ್ಟರೂ ಸಾಕು. ಕಪಾಟು, ಪಟ್ಟಿ ತಯಾರಿಸುವ ಒಬ್ಬ ಗುಮಾಸ್ತ, ಗೆದ್ದಲಿಗೆ ಔಷಧ, ಇಷ್ಟರ ವೆಚ್ಚದ ಅಂದಾಜನ್ನು ಮುಂದಿನ ವಾರ್ಷಿಕ ಮಹಾಸಭೆಗೆ ಮೊದಲು ಸಮಿತಿ ತರಿಸಿಕೊಳ್ಳಲಿ.